ಹಂಚಿದಷ್ಟೂ ಹೆಚ್ಚುವ ಹುಲ್ಲು

ಹುಲ್ಲಿನ ಮೇಲೂ ಒಂದು ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ಅವರನ್ನು ದೂರುವಂತಿಲ್ಲ. ಯಾರನ್ನಾದರೂ ಲೆಕ್ಕಕ್ಕಿಡದೆ ನಡೆಸಿಕೊಂಡರೆ ‘ತೃಣಕ್ಕೆ ಸಮಾನ ಮಾಡಿದ’ ಎನ್ನುತ್ತೇವೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೆಂಬ ಗಾದೆಯಲ್ಲಿ ಸಹ ಹುಲ್ಲಿಗೆ ದೊರೆಯುವ ಮರ್ಯಾದೆ ಅಷ್ಟಕ್ಕಷ್ಟೆ. ಆದರೆ ನಾವು ಉಣ್ಣುವ ಅಕ್ಕಿ, ರಾಗಿ, ಜೋಳ, ಗೋಧಿ, ಕಾಫಿಗೆ ಬೇಕಾದ ಸಕ್ಕರೆಯನ್ನು ಕೊಡುವ ಕಬ್ಬು, ಏಣಿಗೂ ಮೊರಕ್ಕೂ ಬೇಕಾದ ಬಿದಿರು, ಇವಿಷ್ಟೂ ಹುಲ್ಲಿನ ಕುಲಕ್ಕೇ ಸೇರಿದವು. ಸಸ್ಯಶಾಸ್ತ್ರಜ್ಞರು ಈ ಕುಲದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಎಣಿಸಿದ್ದಾರೆ. ಇಷ್ಟು ದೊಡ್ಡ ಮನೆತನದ ಒಬ್ಬಿಬ್ಬರನ್ನಾದರೂ ನಮ್ಮ ಅಂಗಳಕ್ಕೋ ಬಾಲ್ಕನಿಯ ಕುಂಡಕ್ಕೋ ಕರೆಯಬಾರದೇಕೆ?

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ತೋಟಗಾರಿಕೆ. ಹುಲ್ಲಿಗೆ ಬೇಕಾದುದು ಬಿಸಿಲು, ನೀರು ಬಸಿದುಹೋಗುವ ಮಣ್ಣು, ವರ್ಷಕ್ಕೊಮ್ಮೆ ಕತ್ತರಿ. ಗುಲಾಬಿಯಂತೆ ಅದು ಮುನಿಸಿಕೊಳ್ಳುವುದಿಲ್ಲ. ರಜೆಯಲ್ಲಿ ಹದಿನೈದು ದಿನ ಊರಿಗೆ ಹೋಗಿಬಂದರೆ ಸಾಯುವುದೂ ಇಲ್ಲ. ಗಾಳಿ ಬಂದಾಗ ಅದು ಬಳುಕುವ ಚಂದವನ್ನು ಒಮ್ಮೆ ನೋಡಿದವರು, ಹೂವಿಲ್ಲದ ಗಿಡವೆಂದು ಅದನ್ನು ಮತ್ತೆ ಕಡೆಗಣಿಸಲಾರರು. ಆದರೆ ಹುಲ್ಲನ್ನು ಸಾಕುವುದರಲ್ಲಿ ಒಂದು ಗುಟ್ಟುಂಟು. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ಬುಡವನ್ನು ಕೈಯಾರೆ ಕೊಂದ ಮೇಲೆ.

ಮೂರು ಬುಡಗಳು

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ಆ ಕಡೆಯ ಹೊಲಗಳ ಬದುವಿನ ಮೇಲೆ ಲಾವಂಚದ ಸಾಲು ಇರುವುದು ಇಂದು ನಿನ್ನೆಯ ಮಾತಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ರೈತರು ಅದನ್ನೇ ಎಲ್ಲೆಯ ಗುರುತಾಗಿ ಉಳಿಸಿಕೊಂಡು ಬಂದಿದ್ದಾರೆ. ದಕ್ಷಿಣದಲ್ಲಿ ಬೆಳೆಸುವ ಲಾವಂಚ ಬೀಜ ಕಟ್ಟಿ ಹಬ್ಬುವುದು ಇಲ್ಲವೆಂಬಷ್ಟು ಅಪರೂಪ. ಗರಿಕೆಯಂತೆ ಬಳ್ಳಿ ಬಿಟ್ಟು ಪಕ್ಕದ ಹೊಲಕ್ಕೆ ನುಗ್ಗುವುದಂತೂ ಇಲ್ಲವೇ ಇಲ್ಲ. ಅದರ ಬೇರು ಅಡ್ಡಕ್ಕಿಂತ ಹೆಚ್ಚಾಗಿ ಆಳಕ್ಕೆ, ಎರಡು ಮೂರು ಮೀಟರಿನವರೆಗೂ ಇಳಿಯುತ್ತದೆ. ಆದಕಾರಣ ನೆಟ್ಟಲ್ಲಿಯೇ ನಿಲ್ಲುತ್ತದೆ. “ಕಲ್ಲಾದರೆ ರಾತ್ರೋರಾತ್ರಿ ಕಿತ್ತಿಡಬಹುದು ಕಣಪ್ಪ, ಲಾವಂಚ ಕಿತ್ತಿಡಾಕಾಗಲ್ಲ” ಎಂದು ನಮ್ಮೂರಿನ ಹಿರಿಯರೊಬ್ಬರು ಹೇಳುತ್ತಿದ್ದರು.

ತಂದೆಯವರು ತೀರಿಕೊಂಡ ಮರುವರ್ಷ, ೨೦೧೫ರಲ್ಲಿ, ಹೊಲ ಪಾಲಾಯಿತು. ನನಗೂ ನನ್ನ ತಮ್ಮನಿಗೂ ಬಾವಿಯ ಪಾಲಿನ ವಿಷಯವಾಗಿ ಮಾತು ಬೆಳೆದಿತ್ತು. ಯಾರದು ತಪ್ಪೆಂಬುದು ಇಲ್ಲಿ ಬೇಡ. ಸರ್ವೆ ಮುಗಿದ ಮೇಲೆ ತಮ್ಮ ಹಳೆಯ ಬದುವಿನ ಲಾವಂಚವನ್ನು ಹಾರೆಯಿಂದ ಮೀಟಿ, ತೆಂಡೆಗಳನ್ನು ಬಿಡಿಸಿ, ಇಬ್ಬರ ಪಾಲಿನ ನಡುವೆ ಹೊಸ ಸಾಲು ನೆಟ್ಟ. ನಾನು ಪುಣೆಗೆ ಹೊರಟ ದಿನ ಬಸ್ಸಿನವರೆಗೆ ಬಂದು, ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಮೂರು ಬುಡಗಳನ್ನು ಸೀಟಿನ ಕೆಳಗೆ ತಳ್ಳಿ, ಏನೂ ಹೇಳದೆ ಇಳಿದುಹೋದ.

ಪುಣೆಯಲ್ಲಿ ನಮ್ಮದು ಸೊಸೈಟಿಯ ಕಟ್ಟಡದಲ್ಲಿ ನೆಲಮಟ್ಟದ ಮನೆ. ಎರಡು ಬುಡಗಳನ್ನು ಗೇಟಿನ ಬಳಿಯ ನೆಲದಲ್ಲಿ ನೆಟ್ಟು, ಮೂರನೆಯದನ್ನು ಅತಿ ಪ್ರೀತಿಯಿಂದ ಬಾಲ್ಕನಿಯ ಬಣ್ಣದ ಕುಂಡದಲ್ಲಿಟ್ಟೆ. ಆ ಕುಂಡಕ್ಕೆ ತಳದಲ್ಲಿ ತೂತಿರಲಿಲ್ಲ. ದಿನಕ್ಕೆ ಎರಡು ಹೊತ್ತು ನೀರು ಹಾಕಿದೆ; ಗೊಬ್ಬರವನ್ನು ಮುಷ್ಟಿ ಮುಷ್ಟಿ ಸುರಿದೆ; ಊರಿನ ಹುಲ್ಲೆಂದು ಒಂದು ಎಲೆಯನ್ನೂ ಕತ್ತರಿಸಲಿಲ್ಲ. ಎಲೆಗಳು ಉದ್ದುದ್ದ ಬೆಳೆದು, ಅಡ್ಡಬಿದ್ದು, ಹಳದಿಯಾದವು. “ನೋಡಿ, ಅದಕ್ಕೆ ಬಾಯಿದ್ದಿದ್ದರೆ ಸಾಕು ಸಾಕು ಅಂತ ಕೂಗ್ತಿತ್ತು” ಎಂದು ಮನೆಯಾಕೆ ಎಚ್ಚರಿಸಿದ್ದಳು. ನಾನು ಕೇಳಲಿಲ್ಲ. ಎಂಟು ತಿಂಗಳಲ್ಲಿ ಬೇರು ಕೊಳೆತು ಅದು ಸತ್ತಿತು. ಗೇಟಿನ ಬಳಿ ಯಾರೂ ವಿಚಾರಿಸದೆ ಬಿಟ್ಟಿದ್ದ ಎರಡು ಬುಡಗಳು ಎದೆಯೆತ್ತರ ನಿಂತವು.

ಕತ್ತರಿಸಿದರೆ ಏಕೆ ಸಾಯುವುದಿಲ್ಲ?

ತರುವಾಯ ಬಲ್ಲವರನ್ನು ಕೇಳಿ ತಿಳಿದೆ. ಬಹುಪಾಲು ಗಿಡಗಳು ತುದಿಯಲ್ಲಿ ಬೆಳೆಯುತ್ತವೆ. ತುದಿಯನ್ನು ಚಿವುಟಿದರೆ ಆ ಕೊಂಬೆಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಹುಲ್ಲು ಹಾಗಲ್ಲ. ಅದರ ಎಲೆ ಬೆಳೆಯುವುದು ಬುಡದಿಂದ, ಹೊಸ ತೆಂಡೆ ಒಡೆಯುವ ಮೊಗ್ಗು ಇರುವುದು ಮಣ್ಣಿನ ಮಟ್ಟದಲ್ಲಿ. ದನ ಮೇಯ್ದರೂ ಕುಡುಗೋಲು ತಾಗಿದರೂ ಅದರ ಜೀವ ಕೆಳಗೆ ಭದ್ರವಾಗಿರುತ್ತದೆ. ಹಳೆಯ ಎಲೆಗಳನ್ನು ತೆಗೆದರೆ ಬುಡಕ್ಕೆ ಬೆಳಕು ಬಿದ್ದು ಹೊಸ ತೆಂಡೆಗಳು ಮೇಲೇಳುತ್ತವೆ. ತೆಗೆಯದಿದ್ದರೆ ಒಣಗಿದ ಎಲೆಗಳೇ ಅದನ್ನು ಉಸಿರುಗಟ್ಟಿಸುತ್ತವೆ. ಮೂರು ನಾಲ್ಕು ವರ್ಷ ಮುಟ್ಟದೆ ಬಿಟ್ಟರೆ ಬುಡದ ನಡುಭಾಗ ಸತ್ತು, ಜೀವವೆಲ್ಲ ಅಂಚಿಗೆ ಸರಿದು, ನಡುವೆ ಬೋಳಾಗುತ್ತದೆ. ಆಗ ಕಿತ್ತು ಪಾಲು ಮಾಡಿ ನೆಡಲೇಬೇಕು. ಗುಟ್ಟು ಇಷ್ಟೇ: ಮುದ್ದಿನಿಂದ ಹುಲ್ಲು ಕೆಡುತ್ತದೆ, ಕತ್ತರಿಯಿಂದಲೂ ಪಾಲಿನಿಂದಲೂ ಬದುಕುತ್ತದೆ.

ನೆಡುವ ಕ್ರಮ

ಹುಲ್ಲಿಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ನೆರಳಿನ ಬಾಲ್ಕನಿಯಲ್ಲಿ ಅದು ಸೊರಗಿ ಬಾಗುತ್ತದೆ. ಕುಂಡವಾದರೆ ಕನಿಷ್ಠ ಒಂದು ಅಡಿ ಆಳವಿರಲಿ. ಲಾವಂಚಕ್ಕೆ ಎರಡಡಿ ಇದ್ದರೆ ಲೇಸು. ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಕೊಬ್ಬಿ ಅಡ್ಡಬೀಳುವುದು.

ನೆಡುವ ಸಸಿಯಲ್ಲಿ ಬೇರು ಸಹಿತವಾದ ಎರಡು ಮೂರು ತೆಂಡೆಗಳಿರಬೇಕು. ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ, ಬೇರನ್ನು ನಾಲ್ಕು ಅಂಗುಲಕ್ಕೆ ಸವರಿ, ಬುಡ ಮಣ್ಣಿನ ಮಟ್ಟದಲ್ಲಿರುವಂತೆ ನೆಡತಕ್ಕದ್ದು. ಆಳದಲ್ಲಿ ಹೂತರೆ ಕೊಳೆಯುತ್ತದೆ. ಚಂದಕ್ಕಾಗಿ ಬಿಡಿ ಬುಡಗಳನ್ನು ನೆಡುವುದಾದರೆ ಎರಡರಿಂದ ಮೂರಡಿ ಅಂತರ ಕೊಡಿ. ಮಣ್ಣು ತಡೆಯುವ ಬೇಲಿಗಾಗಿ ನೆಡುವುದಾದರೆ ಸಸಿಯಿಂದ ಸಸಿಗೆ ಆರೇ ಅಂಗುಲ. ಮೊದಲ ಮೂರು ನಾಲ್ಕು ವಾರ ಮಣ್ಣು ಒಣಗದಂತೆ ನೀರು ಕೊಟ್ಟು, ಆಮೇಲೆ ಮೇಲಿನ ಎರಡು ಅಂಗುಲ ಒಣಗಿದಾಗ ಮಾತ್ರ ಕೊಡಿ.

ನೆಡುವ ಕಾಲ ಊರಿಂದ ಊರಿಗೆ ಬೇರೆ. ಮುಂಬಯಿ, ಪುಣೆ, ಹೈದರಾಬಾದಿನವರಿಗೆ ಜೂನ್ ತಿಂಗಳ ಮಳೆ ಹಿಡಿದ ಮೇಲೆ ಒಳ್ಳೆಯದು. ಚೆನ್ನೈಯಲ್ಲಿ ಹೆಚ್ಚಿನ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುವುದರಿಂದ ಅಲ್ಲಿಯವರು ಸೆಪ್ಟೆಂಬರಿನ ಕೊನೆಗೆ ನೆಡಬಹುದು. ದೆಹಲಿಯವರು ಜುಲೈಯಲ್ಲಿ ನೆಟ್ಟರೆ ಚಳಿ ಬರುವುದರೊಳಗೆ ಬೇರೂರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಎಲೆ ಕಂದಿದರೆ ಸತ್ತಿತೆಂದು ಕಿತ್ತು ಬಿಸಾಡಬೇಡಿ. ಒಣ ಎಲೆ ಚಳಿಗಾಲ ಮುಗಿಯುವ ತನಕ ಬುಡಕ್ಕೆ ಹೊದಿಕೆಯಾಗಿರಲಿ.

ಕತ್ತರಿಸುವುದು ವರ್ಷಕ್ಕೊಮ್ಮೆ, ಫೆಬ್ರವರಿಯ ಕೊನೆಯಲ್ಲಿ. ಮೊದಲು ಇಡೀ ಬುಡವನ್ನು ಹಗ್ಗದಿಂದ ಸೊಂಟಪಟ್ಟಿಯಂತೆ ಬಿಗಿದು ಕಟ್ಟಿ, ಆಮೇಲೆ ಕತ್ತರಿಸಿದರೆ ಕಸ ಚೆಲ್ಲಾಡುವುದಿಲ್ಲ. ನೆಲದಿಂದ ಒಂದು ಗೇಣು ಬಿಡಿ; ಲಾವಂಚಕ್ಕೆ ಒಂದು ಮೊಳ ಬಿಟ್ಟರೂ ನಡೆಯುತ್ತದೆ. ಹುಲ್ಲಿನ ಎಲೆಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅಂಚು ಚರ್ಮವನ್ನು ಕೊಯ್ಯುತ್ತದೆ. ತುಂಬುತೋಳಿನ ಅಂಗಿಯೂ ಕೈಚೀಲವೂ ಇಲ್ಲದೆ ಮಕ್ಕಳನ್ನು ಈ ಕೆಲಸಕ್ಕೆ ಬಿಡಬಾರದು. ಕತ್ತರಿಸಿದ ಎಲೆಯನ್ನು ಎಸೆಯದೆ ಬೇರೆ ಗಿಡಗಳ ಬುಡಕ್ಕೆ ಹೊದಿಸಿದರೆ ಬೇಸಗೆಯಲ್ಲಿ ನೀರು ಉಳಿಯುತ್ತದೆ.

ಯಾವ ಹುಲ್ಲನ್ನು ಆರಿಸಬೇಕು?

ಹಿತ್ತಲ ಗಿಡ ಮದ್ದಲ್ಲವೆಂಬಂತೆ, ನರ್ಸರಿಯಲ್ಲಿ ಬೆಲೆ ಕೊಟ್ಟು ತಂದದ್ದು ಮಾತ್ರ ಅಲಂಕಾರದ ಹುಲ್ಲೆಂದು ನಮಗೆ ಭ್ರಮೆ. ಬಲ್ಲವರ ಕಣ್ಣಿಗೆ ನಮ್ಮ ಲಾವಂಚವೇ ರಾಣಿ. ತಮಿಳಿನಲ್ಲಿ ಇದು ವೆಟ್ಟಿವೇರ್. ಇಂಗ್ಲಿಷಿನವರು ಆ ಹೆಸರನ್ನೇ ವೆಟಿವರ್ ಎಂದು ಎರವಲು ಪಡೆದರು. ಹಿಂದಿಯಲ್ಲಿ ಖಸ್, ಮರಾಠಿಯಲ್ಲಿ ವಾಳಾ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಮಣ್ಣಿನ ಸವೆತ ತಡೆಯಲು ಇದನ್ನು ಭಾರತದಲ್ಲಿ ಪ್ರಚಾರ ಮಾಡಿದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ೧೯೯೩ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಹೊರತಂದಿತು. ನಮ್ಮ ಗುಂಡ್ಲುಪೇಟೆಯ ರೈತರು ಪುಸ್ತಕಕ್ಕೆ ಕಾಯದೆ ಮಾಡಿಕೊಂಡು ಬಂದಿದ್ದ ಕೆಲಸವದು. ಎರಡು ವರ್ಷದ ಬುಡವನ್ನು ಕಿತ್ತಾಗ ಸಿಗುವ ಬೇರನ್ನು ತೊಳೆದು ಕುಡಿಯುವ ನೀರಿನ ಮಡಕೆಗೆ ಹಾಕಿದರೆ ಬೇಸಗೆಯ ಸುಖ ತಿಳಿಯುತ್ತದೆ.

ಎರಡನೆಯದು ಮಜ್ಜಿಗೆ ಹುಲ್ಲು. ಮುಂಬಯಿ, ಪುಣೆಯ ನೆರೆಯವರು ಗವತಿ ಚಹಾ ಎಂದು ಚಹಕ್ಕೆ ಹಾಕುವುದೂ ಇದನ್ನೇ. ನಮ್ಮವರು ಮಜ್ಜಿಗೆಗೆ ಹಾಕಿ ಹೆಸರಿಟ್ಟರು. ಇದು ಹೂ ಬಿಡುವುದು ಅಪರೂಪ, ಆದರೆ ಕಾರಂಜಿಯಂತೆ ಸುತ್ತ ಬಾಗಿದ ಎಲೆಗಳೇ ಅಂದ. ಎಲೆಯಲ್ಲಿ ಕಂದು ಚುಕ್ಕೆ ಕಂಡರೆ ಆ ಎಲೆಗಳನ್ನು ಬುಡದವರೆಗೆ ಕತ್ತರಿಸಿ ಗಾಳಿಯಾಡಲು ಬಿಡಿ.

ಮೂರನೆಯದು ಗರಿಕೆ. ಗಣೇಶನ ಪೂಜೆಗೆ ಇಪ್ಪತ್ತೊಂದು ಗರಿಕೆಗಾಗಿ ಚೌತಿಯ ಮುಂಜಾನೆ ಪೇಟೆ ಸುತ್ತುವ ಸೋದರಿಯರು, ಆರು ಅಂಗುಲ ಆಳದ ಅಗಲವಾದ ತಟ್ಟೆಕುಂಡದಲ್ಲಿ ಎರಡು ತಿಂಗಳು ಮುಂಚೆ ಗಿಣ್ಣಿರುವ ತುಂಡುಗಳನ್ನು ಊರಿದರೆ ಸಾಕು. ಪೂರಾ ಬಿಸಿಲಿನಲ್ಲಿಡಿ, ನೆರಳು ಇದಕ್ಕೆ ಪರಮಶತ್ರು. ನೆಲದಲ್ಲಿ ಮಾತ್ರ ಎಚ್ಚರ, ಅದು ಹೂವಿನ ಮಡಿಗಳಿಗೆಲ್ಲ ಹಬ್ಬುತ್ತದೆ. ಸ್ನಾನದ ನೀರು ಹರಿಯುವ ತೇವದ ಜಾಗಕ್ಕೆ, ತುದಿಯಲ್ಲಿ ಕೊಡೆಯಂತೆ ಎಲೆ ಬಿಡಿಸುವ ಜೇಕಿನ ಜಾತಿ ತಕ್ಕದ್ದು. ಜೇಕು ನಿಜವಾದ ಹುಲ್ಲಲ್ಲ. ಹೆಚ್ಚಿನ ಜೇಕುಗಳ ಕಾಂಡವನ್ನು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ತಗಲುತ್ತವೆ. ಹುಲ್ಲಿನದಾದರೆ ಸಾಮಾನ್ಯವಾಗಿ ದುಂಡಗೆ.

ನರ್ಸರಿಗಳಲ್ಲಿ ದೊರೆಯುವ ಕಾರಂಜಿ ಹುಲ್ಲಿನ ನರಿಬಾಲದಂಥ ತೆನೆಗಳು ಬಹು ಸೊಗಸು. ಆದರೆ ಆಫ್ರಿಕ ಮೂಲದ ಈ ಹುಲ್ಲಿನ ಹಸಿರು ಜಾತಿ ಬೀಜವನ್ನು ಗಾಳಿಗೆ ತೂರಿ ಹಬ್ಬುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಸ್ಥಳೀಯ ಗಿಡಗಳನ್ನು ಒತ್ತರಿಸಿ ಕಾಳ್ಗಿಚ್ಚಿಗೆ ಸೌದೆಯಾಗಿದೆ. ಐರೋಪ್ಯ ಒಕ್ಕೂಟ ೨೦೧೭ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಬೇಕೇಬೇಕೆಂದರೆ ಕೆನ್ನೇರಳೆ ಬಣ್ಣದ್ದನ್ನು ಕೊಳ್ಳಿ. ಅದು ಬೀಜ ಕಟ್ಟುವುದು ತೀರ ಕಡಿಮೆ. ಮಳೆಗಾಲ ಮುಗಿಯುತ್ತಲೇ ಯಮುನೆಯ ದಂಡೆಯಲ್ಲಿ ಬೆಳ್ಳಗೆ ತೂಗುವ ಕಾಶದ ಹೂವನ್ನು ದೆಹಲಿಯ ಸಂಸಾರಗಳು ನೋಡಿರಬಹುದು. ಅದನ್ನು ಅಲ್ಲಿಯೇ ನೋಡಿ ಸಂತೋಷಪಡಿ, ಮನೆಯ ನೆಲಕ್ಕೆ ತರಬೇಡಿ. ನೆಲದೊಳಗೇ ಕಾಂಡ ಓಡಿಸಿ ಅಂಗಳವನ್ನೆಲ್ಲ ಆಕ್ರಮಿಸುತ್ತದೆ. ಆದರೂ ಅದಕ್ಕೊಂದು ನಮಸ್ಕಾರ ಸಲ್ಲಬೇಕು. ೧೯೧೨ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬಿನ ತಳಿಸಂಶೋಧನಾ ಕೇಂದ್ರದಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಇದೇ ಕಾಡುಹುಲ್ಲನ್ನು ಕಬ್ಬಿನೊಡನೆ ಕೂಡಿಸಿ ಪಡೆದ ತಳಿ ಕೋ ೨೦೫. ಅದು ೧೯೧೮ರಲ್ಲಿ ರೈತರ ಕೈಸೇರಿತು. ಅಲ್ಲಿಂದೀಚೆಗೆ ಆ ಕೇಂದ್ರದಿಂದ ಬಂದ ಎಷ್ಟೋ ಕಬ್ಬಿನ ತಳಿಗಳಲ್ಲಿ ಕಾಶದ ರಕ್ತವಿದೆ.

ಕಮಿಟಿಯ ತೀರ್ಮಾನ

ಇನ್ನು ಗೇಟಿನ ಬಳಿಯ ಎರಡು ಬುಡಗಳ ಕಥೆ. ೨೦೧೭ರ ಅಕ್ಟೋಬರಿನಲ್ಲಿ ಸೊಸೈಟಿಯ ಕಮಿಟಿ ಸೇರಿ, “ಇದು ಬರಿಯ ಗವತ, ಹಾವು ಸೇರುತ್ತದೆ, ಕಿತ್ತುಹಾಕಿ ಲಾನ್ ಹಾಸೋಣ” ಎಂದು ತೀರ್ಮಾನಿಸಿತು. ನನಗೆ ಕೋಪ ಬಂದದ್ದು ಸುಳ್ಳಲ್ಲ. ಆದರೆ ಹೊರಗೆ ಹೋಗಿ ಅವರ ಕಣ್ಣಿನಿಂದ ನೋಡಿದೆ. ಎರಡು ವರ್ಷ ಕತ್ತರಿ ಕಾಣದ ಒಣ ಎಲೆ ದಾರಿಗೆ ಅಡ್ಡ ಬಿದ್ದಿತ್ತು. ಅದು ತೋಟವಲ್ಲ, ಕಸವೇ ಆಗಿತ್ತು. ಹುಲ್ಲು ಕಸವಾಗುವುದೂ ಅಲಂಕಾರವಾಗುವುದೂ ಅದರ ಜಾತಿಯಿಂದಲ್ಲ, ಸಾಕುವವನಿಂದ.

ಮುಂದಿನ ದೀಪಾವಳಿಯವರೆಗೆ ಅವಕಾಶ ಬೇಡಿದೆ. ಒಂದು ಲೆಕ್ಕವನ್ನೂ ಮುಂದಿಟ್ಟೆ. ಲಾನಿಗೆ ಬೇಸಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಕೊಟ್ಟರೂ ಚದರ ಮೀಟರಿಗೆ ಐದು ಲೀಟರ್. ನಮ್ಮ ಇಪ್ಪತ್ತು ಚದರ ಮೀಟರಿಗೆ ನೂರು ಲೀಟರ್, ಅಂದರೆ ಐದು ದೊಡ್ಡ ಬಕೆಟ್ಟು. ಮೇ ತಿಂಗಳಲ್ಲಿ ನಾವು ಟ್ಯಾಂಕರಿಗಾಗಿ ಕಾಯುವವರು. ಅಧ್ಯಕ್ಷರು ಲೆಕ್ಕ ಬಲ್ಲವರು, ಒಪ್ಪಿದರು. ಆದರೆ ದೀಪಾವಳಿಗೆ ಚೊಕ್ಕಟವಾಗಿರದಿದ್ದರೆ ತಾವೇ ಕೀಳಿಸುವುದಾಗಿ ಹೇಳಿದರು.

ಫೆಬ್ರವರಿಯಲ್ಲಿ ಕತ್ತರಿಸಿದೆ. ೨೦೧೮ರ ಜೂನಿನಲ್ಲಿ ಎರಡು ಬುಡಗಳನ್ನೂ ಹಾರೆಯಿಂದ ಎಬ್ಬಿಸಿ ಮಚ್ಚಿನಿಂದ ಸೀಳಿದೆ. ಊರಿನ ಬುಡಕ್ಕೆ ಮಚ್ಚು ಹಾಕುವಾಗ ಕೈ ಒಂದು ಗಳಿಗೆ ತಡೆಯಿತು. ಎರಡರಿಂದ ಇಪ್ಪತ್ತಾರು ಸಸಿಗಳಾದವು. ಮಳೆ ಬಂದಾಗಲೆಲ್ಲ ಕೆಸರು ಕಾರು ನಿಲ್ಲಿಸುವ ಜಾಗಕ್ಕೆ ಹರಿಯುತ್ತಿದ್ದ ಇಳಿಜಾರಿನಲ್ಲಿ, ಹನ್ನೆರಡಡಿ ಉದ್ದಕ್ಕೆ ಒಂದು ಸಾಲು ನೆಟ್ಟು, ಅಂಚಿಗೆ ಇಟ್ಟಿಗೆ ಜೋಡಿಸಿದೆ. ಮೊದಲ ಮಳೆಗಾಲದಲ್ಲಿ ಒಂದು ಸಸಿ ಸತ್ತು ತೆರಪಾಯಿತು. ಇಡೀ ಕೆಸರು ಆ ಒಂದು ಕಿಂಡಿಯಿಂದಲೇ ನುಗ್ಗಿತು. ಬೇಲಿಯಲ್ಲಿ ತೆರಪು ಬಿಡಬಾರದೆಂಬ ಪಾಠವನ್ನು ಹೀಗೆ ಕಲಿತು, ಉಳಿದಿದ್ದ ಸಸಿಯಿಂದ ತುಂಬಿಸಿದೆ. ದೀಪಾವಳಿಗೆ ಅಧ್ಯಕ್ಷರು ಬಂದು ನೋಡಿ ಏನೂ ಹೇಳದೆ ಹೋದರು. ಮೂರನೆಯ ಮಳೆಗಾಲಕ್ಕೆ ಕೆಸರು ನಿಂತಿತು. ಅದೇ ಅಧ್ಯಕ್ಷರು ತಮ್ಮ ಮಗಳ ಮನೆಗೆಂದು ನಾಲ್ಕು ಸಸಿ ಕೇಳಿ ತೆಗೆದುಕೊಂಡು ಹೋದರು.

೨೦೨೩ರ ಮೇ ತಿಂಗಳಲ್ಲಿ ತಮ್ಮನ ಫೋನು ಬಂತು. ನಾವಿಬ್ಬರೂ ಹಬ್ಬ ಹರಿದಿನಗಳಲ್ಲಿ ಮಾತಾಡುತ್ತಿದ್ದೆವೇ ಹೊರತು ಅದಕ್ಕಿಂತ ಹೆಚ್ಚಿಲ್ಲ. ದಾರಿ ಅಗಲ ಮಾಡುವಾಗ ಯಂತ್ರದವರು ನಮ್ಮಿಬ್ಬರ ನಡುವಿನ ಸಾಲಿನ ಒಂದು ತುದಿಯನ್ನು ಅಗೆದುಹಾಕಿದ್ದರಂತೆ. “ಅಣ್ಣಾ, ನಿನ್ನ ಹತ್ತಿರ ಲಾವಂಚ ಇನ್ನೂ ಇದ್ದರೆ ಬರುವಾಗ ಒಂದಷ್ಟು ತಗೊಂಡು ಬಾ” ಎಂದ. ಪಕ್ಕದ ಹೊಲದ ಬದುವಿನಲ್ಲಿಯೇ ಬೇಕಾದಷ್ಟು ಇತ್ತು. ಅದನ್ನು ಅವನೂ ಬಲ್ಲ, ನಾನೂ ಬಲ್ಲೆ. ಜೂನಿನಲ್ಲಿ ಇಪ್ಪತ್ತು ಸಸಿಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋದೆ. ಅವನು ಗುಂಡಿ ತೋಡಿದ, ನಾನು ಸಸಿ ಹಿಡಿದೆ. ಬಾವಿಯ ಮಾತು ಆ ದಿನವೂ ಬರಲಿಲ್ಲ. ಊಟದ ಹೊತ್ತಿಗೆ ಬೇರೆ ಮಾತುಗಳು ಬಂದವು.

ಹೊಲವನ್ನು ಪಾಲು ಮಾಡಿದರೆ ಇಬ್ಬರಿಗೂ ಕಡಿಮೆಯಾಗುತ್ತದೆ. ಹುಲ್ಲನ್ನು ಪಾಲು ಮಾಡಿದರೆ ಇಬ್ಬರಿಗೂ ಹೆಚ್ಚಾಗುತ್ತದೆ, ಮೂಲದ ಬುಡಕ್ಕೂ ಆರೋಗ್ಯ. ನಮ್ಮ ಸಂಘದ ಸಂಸಾರಗಳಲ್ಲಿ ಎಷ್ಟೋ ಬಾಲ್ಕನಿಗಳಲ್ಲಿ ಮಜ್ಜಿಗೆ ಹುಲ್ಲೋ ಲಾವಂಚವೋ ಕುಂಡ ತುಂಬಿ ಬಿಗಿದುಕೊಂಡು, ನಡುವೆ ಒಣಗುತ್ತ ನಿಂತಿರಬಹುದು. ಮುಂದಿನ ಮಳೆಗಾಲಕ್ಕೆ ಅದನ್ನು ಧೈರ್ಯವಾಗಿ ಕಿತ್ತು, ಮೂರು ಪಾಲು ಮಾಡಿ, ಒಂದನ್ನು ತಾವಿಟ್ಟುಕೊಂಡು ಎರಡನ್ನು ಸಂಘದ ಕೂಟಕ್ಕೆ ಬರುವಾಗ ತನ್ನಿರೆಂದು ಪ್ರಾರ್ಥನೆ. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಎರಡು ದಿನ ಕೆಡುವುದಿಲ್ಲ. ಕುಂಡಕ್ಕೆ ತೂತಿದೆಯೇ ಎಂದು ಮಾತ್ರ ಕೊಳ್ಳುವಾಗಲೇ ನೋಡಿಕೊಳ್ಳಿ.